ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹಳೇ 350 ಸಿಸಿ ಕಾರ್ಬುರೇಟರ್ ಬೈಕಿನ ಹ್ಯಾಂಡಲ್ ಮೇಲೆ ಒಂದು ಗುಂಡನೆ ಗೇಜ್ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಪಕ್ಕದವರು ಬಗ್ಗಿ ನೋಡುತ್ತಾರೆ. "ಏನ್ ಸಾರ್ ಅದು, ಟೈಮಾ? 13.8 ಅಂತಿದೆ?" ಅಂತ ಒಬ್ಬರು ಕೇಳಿದ್ದರು. ಟೈಮ್ ಅಲ್ಲ. ಇಂಜಿನ್ ಒಂದು ಗ್ರಾಂ ಪೆಟ್ರೋಲಿಗೆ ಎಷ್ಟು ಗ್ರಾಂ ಗಾಳಿ ಕುಡಿಯುತ್ತಿದೆ ಅನ್ನೋ ಲೆಕ್ಕ. ಸೈಲೆನ್ಸರ್ ಪೈಪಿನಲ್ಲಿ ಕೂತ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಗೇಜ್ ತೋರಿಸುತ್ತದೆ. ಸಿಗ್ನಲ್‌ನಲ್ಲಿ ಇಷ್ಟು ಹೇಳುವಷ್ಟರಲ್ಲಿ ಹಸಿರು ಬಂದಿರುತ್ತದೆ. ಮಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಗಾಡಿಯಲ್ಲಿ ಕಂಪನಿಯವರೇ ಆಕ್ಸಿಜನ್ ಸೆನ್ಸರ್ ಕೊಟ್ಟಿದ್ದಾರಲ್ಲ. ಇನ್ನೊಂದು ಯಾಕೆ?

ಬಿಎಸ್6 ಬಂದ ಮೇಲೆ, ಅಂದರೆ 2020ರ ಏಪ್ರಿಲ್‌ನಿಂದ, ಸಣ್ಣ ಬೈಕುಗಳಿಗೂ ಫ್ಯೂಯಲ್ ಇಂಜೆಕ್ಷನ್ ಬಂತು. ಜೊತೆಗೆ ಇಂಜಿನ್‌ನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಕೂಡ. ಆದರೆ ಅದರಲ್ಲಿ ಬಹುಪಾಲು ನ್ಯಾರೋಬ್ಯಾಂಡ್. ಅದಕ್ಕೆ ಗೊತ್ತಿರುವುದು ಎರಡೇ ಮಾತು: "ಪೆಟ್ರೋಲ್ ಜಾಸ್ತಿ" (ರಿಚ್) ಮತ್ತು "ಪೆಟ್ರೋಲ್ ಕಮ್ಮಿ" (ಲೀನ್). ರಿಚ್ ಇದ್ದರೆ ಸುಮಾರು 0.9 ವೋಲ್ಟ್, ಲೀನ್ ಇದ್ದರೆ ಸುಮಾರು 0.1 ವೋಲ್ಟ್. ಮಧ್ಯದ 0.45 ವೋಲ್ಟ್ ಹತ್ತಿರ ಧಡ್ ಅಂತ ಆ ಕಡೆಯಿಂದ ಈ ಕಡೆಗೆ ಜಿಗಿಯುತ್ತದೆ. ಎಷ್ಟು ಜಾಸ್ತಿ, ಎಷ್ಟು ಕಮ್ಮಿ ಅಂತ ಕೇಳಿದರೆ ಉತ್ತರ ಇಲ್ಲ.

ಕಂಪನಿಯ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಅಷ್ಟೇ ಸಾಕು. ಸ್ವಲ್ಪ ಜಾಸ್ತಿ, ಸ್ವಲ್ಪ ಕಮ್ಮಿ ಅಂತ ತೂಗಾಡುತ್ತಾ ನಡುವಿನ ಬಿಂದುವಿನ ಸುತ್ತಲೇ ಇರುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಕ್ಯಾಟ್) ಬೇಕಾಗಿರುವುದೂ ಅದೇ. ಆದರೆ ಫುಲ್ ಥ್ರಾಟಲ್‌ನಲ್ಲಿ ಇಂಜಿನ್‌ಗೆ ಬೇಕಾಗಿರುವುದು ಆ ನಡುವಿನ ಬಿಂದು ಅಲ್ಲ, ಅದಕ್ಕಿಂತ ರಿಚ್. ಅಲ್ಲಿ 12.5 ಇದೆಯೋ 11 ಇದೆಯೋ ನ್ಯಾರೋಬ್ಯಾಂಡ್ ಹೇಳಲ್ಲ. ವೈಡ್‌ಬ್ಯಾಂಡ್ ಹೇಳುತ್ತದೆ.

ಒಳಗೆ ಏನು ನಡೆಯುತ್ತದೆ?

ಮನೆಯ ಸಂಪ್ ನೆನಪಿಸಿಕೊಳ್ಳಿ. ಅದರ ನೀರು ಯಾವಾಗಲೂ ಒಂದೇ ಗೆರೆಯಲ್ಲಿ ಇರಬೇಕು ಅಂತ ನೀವು ಹಟ ಹಿಡಿದಿದ್ದೀರಿ. ಹೊರಗಿಂದ ನೀರು ಜಾಸ್ತಿ ಬಂದರೆ ಪಂಪ್ ಹೊರಗೆ ಹಾಕುತ್ತದೆ. ಕಮ್ಮಿ ಬಂದರೆ ಅದೇ ಪಂಪ್ ಉಲ್ಟಾ ತಿರುಗಿ ಒಳಗೆ ತುಂಬುತ್ತದೆ. ಈಗ ಸಂಪ್ ಒಳಗೆ ಇಣುಕಬೇಕಾಗಿಲ್ಲ. ಪಂಪ್ ಯಾವ ಕಡೆಗೆ, ಎಷ್ಟು ದುಡಿಯಿತು ಅಂತ ನೋಡಿದರೆ ಹೊರಗಿನ ಕಥೆ ಗೊತ್ತಾಗುತ್ತದೆ.

ವೈಡ್‌ಬ್ಯಾಂಡ್ ಸೆನ್ಸರ್ ಅಷ್ಟೇ. ಜಿರ್ಕೋನಿಯಾ ಅನ್ನೋ ಪಿಂಗಾಣಿಯ ತೆಳು ಪಟ್ಟಿ, ಅದರೊಳಗೆ ಒಂದು ಪುಟಾಣಿ ಕೋಣೆ. ಸೈಲೆನ್ಸರ್ ಗ್ಯಾಸು ಸಣ್ಣ ಸಂದಿಯಿಂದ ನುಸುಳಿ ಅಲ್ಲಿಗೆ ಬರುತ್ತದೆ. ಆ ಕೋಣೆಯ ಮಟ್ಟ ನೋಡಲು ಒಂದು ನರ್ನ್‌ಸ್ಟ್ ಸೆಲ್ ಇದೆ. ಇದು ನ್ಯಾರೋಬ್ಯಾಂಡ್ ಸೆನ್ಸರಿನ ಅಣ್ಣ ಅನ್ನಿ. ಪಕ್ಕದಲ್ಲೇ ಆಕ್ಸಿಜನ್ ತಳ್ಳುವ ಪಂಪ್ ಸೆಲ್. ಕಂಟ್ರೋಲರ್ ಅನ್ನೋ ಎಲೆಕ್ಟ್ರಾನಿಕ್ ಡಬ್ಬಿ ನರ್ನ್‌ಸ್ಟ್ ಸೆಲ್ ಸದಾ 450 ಮಿಲಿವೋಲ್ಟ್ ಕೊಡುವ ಹಾಗೆ ಪಂಪಿಗೆ ಕರೆಂಟ್ ಕೊಡುತ್ತಾ ಇರುತ್ತದೆ. ಲೀನ್ ಇದ್ದರೆ ಆಕ್ಸಿಜನ್ ಹೊರಗೆ. ರಿಚ್ ಇದ್ದರೆ ಒಳಗೆ. ಹೊರಗೆ ಬಿಡಿ ಆಕ್ಸಿಜನ್ನೇ ಇಲ್ಲದಿದ್ದರೆ ಗ್ಯಾಸಿನಲ್ಲಿರುವ ನೀರಾವಿ ಮತ್ತು ಕಾರ್ಬನ್ ಡೈ ಆಕ್ಸೈಡನ್ನೇ ಒಡೆದು ಕಿತ್ತುಕೊಳ್ಳುತ್ತದೆ. ಆ ಕರೆಂಟೇ ಅಳತೆ.

ಇದೆಲ್ಲ ನಡೆಯಲು ಪಿಂಗಾಣಿ ಕೆಂಪಗೆ ಕಾದಿರಬೇಕು. ಈಗ ಎಲ್ಲೆಡೆ ಸಿಗುವ ಬಾಷ್ ಎಲ್‌ಎಸ್‌ಯು 4.9 ಸೆನ್ಸರಿನಲ್ಲಿ ಹೀಟರ್ ಅದನ್ನು ಸುಮಾರು 780 ಡಿಗ್ರಿಗೆ ತಂದು ಅಲ್ಲೇ ಹಿಡಿದಿಡುತ್ತದೆ. ಸೆನ್ಸರಿನ ಐದು ವೈರ್‌ಗಳಲ್ಲಿ ಎರಡು ಈ ಹೀಟರಿಗೆ, ಮಿಕ್ಕ ಮೂರು ಆ ಎರಡು ಸೆಲ್‌ಗಳಿಗೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ. ಸುಟ್ಟ ಮೇಲೆ ಆಕ್ಸಿಜನ್ ಎಷ್ಟು ಉಳಿಯಿತು, ಅಥವಾ ಎಷ್ಟು ಸಾಲದೇ ಹೋಯಿತು, ಅದನ್ನಷ್ಟೇ ನೋಡುತ್ತದೆ. ಇದನ್ನು ಮರೆತೇ ನಾನು ಎರಡು ಭಾನುವಾರ ಹಾಳು ಮಾಡಿಕೊಂಡೆ. ಆ ಕಥೆ ಮುಂದೆ ಬರುತ್ತದೆ.

14.7 ಅಂದರೇನು? ಲ್ಯಾಮ್ಡಾ ಅಂದರೇನು? ಎರಡರಲ್ಲಿ ಯಾವುದನ್ನು ನೋಡಲಿ?

ಶುದ್ಧ ಪೆಟ್ರೋಲ್ ಒಂದು ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆಗ ಗಾಳಿಯೂ ಮಿಕ್ಕಲ್ಲ, ಪೆಟ್ರೋಲೂ ಮಿಕ್ಕಲ್ಲ. ಸಂಖ್ಯೆ ಇಳಿದರೆ ರಿಚ್, ಏರಿದರೆ ಲೀನ್. ಇದೇ ಎಎಫ್‌ಆರ್, ಅಂದರೆ ಏರ್-ಫ್ಯೂಯಲ್ ರೇಷಿಯೊ, ಗಾಳಿ-ಇಂಧನದ ಅನುಪಾತ.

ಲ್ಯಾಮ್ಡಾ ಅಂದರೆ ಇರುವ ಅನುಪಾತವನ್ನು ಬೇಕಾದ ಅನುಪಾತದಿಂದ ಭಾಗಿಸಿದ್ದು. ಸರಿಯಾಗಿ 1 ಇದ್ದರೆ ಎರಡೂ ಸರಿಸಮ. 0.85 ಅಂದರೆ ರಿಚ್, ಪೆಟ್ರೋಲ್ ಲೆಕ್ಕದಲ್ಲಿ 12.5. 1.05 ಅಂದರೆ ಸ್ವಲ್ಪ ಲೀನ್, ಅಂದರೆ 15.4.

ನನ್ನ ಸಲಹೆ ಲ್ಯಾಮ್ಡಾ. ಯಾಕೆ ಅನ್ನೋದಕ್ಕೆ ಮುಂದಿನ ಪ್ರಶ್ನೆ ನೋಡಿ.

ಈಗ ಬಂಕಿನಲ್ಲಿ ಸಿಗೋದು ಇ20. ಆಗಲೂ 14.7 ಅನ್ನೇ ಗುರಿ ಇಟ್ಟುಕೊಳ್ಳಬೇಕಾ?

ಗೇಜಿನಲ್ಲಿ 14.7, ನಿಜದಲ್ಲಿ ಅಲ್ಲ. ಗೊಂದಲ ಆಯ್ತಾ? ಎಲ್ಲರಿಗೂ ಆಗುತ್ತದೆ.

ಎಥನಾಲ್ ತನ್ನೊಳಗೇ ಆಕ್ಸಿಜನ್ ಹೊತ್ತು ತರುತ್ತದೆ. ಅದಕ್ಕೆ ಗಾಳಿ ಕಮ್ಮಿ ಸಾಕು, ಒಂದು ಗ್ರಾಂಗೆ ಸುಮಾರು 9 ಗ್ರಾಂ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದರೆ, ಅದೇ ಇ20, ಒಟ್ಟು ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಇ10 ಆದರೆ ಸುಮಾರು 14.1. ಅಂದಹಾಗೆ ಇ20 ಮಾರಾಟ ಶುರುವಾದದ್ದು ನಮ್ಮ ಬೆಂಗಳೂರಿನ ವೇದಿಕೆಯಿಂದಲೇ, 2023ರ ಫೆಬ್ರವರಿಯ ಇಂಡಿಯಾ ಎನರ್ಜಿ ವೀಕ್‌ನಲ್ಲಿ.

ಸೆನ್ಸರಿಗೆ ಟ್ಯಾಂಕಿನಲ್ಲಿ ಏನಿದೆ ಅಂತ ಗೊತ್ತಿಲ್ಲ. ಅದು ನೋಡುವುದು ಲ್ಯಾಮ್ಡಾವನ್ನೇ. ಗೇಜು ಆ ಲ್ಯಾಮ್ಡಾವನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೇ. ಹಾಗಾಗಿ ಇ20 ಹಾಕಿ ಲ್ಯಾಮ್ಡಾ 1 ಆದಾಗಲೂ ಗೇಜು 14.7 ಅನ್ನುತ್ತದೆ, ಒಳಗೆ ನಿಜವಾದ ಅನುಪಾತ 13.5 ಇದ್ದರೂ. ಗುರಿ ಬದಲಾಯಿಸಬೇಡಿ. ಗೇಜಿನ ಸೆಟ್ಟಿಂಗಿನಲ್ಲಿ ಇಂಧನ ಬದಲಾಯಿಸುವುದೂ ಬೇಡ. ಲ್ಯಾಮ್ಡಾ ನೋಡಿದರೆ ಈ ತಲೆನೋವೇ ಇಲ್ಲ.

ಆದರೆ ಕಾರ್ಬುರೇಟರ್ ಇರುವ ಗಾಡಿಗೆ ನಿಜವಾದ ತೊಂದರೆ ಬೇರೆ. ಅದರ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಹಳೇ ಪೆಟ್ರೋಲಿಗೆ ಅಳೆದು ಕೊಟ್ಟದ್ದು. ಅದೇ ಜೆಟ್‌ನಲ್ಲಿ ಇ20 ಹರಿದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಹೆಚ್ಚು ಕಡಿಮೆ ನೂರಕ್ಕೆ 8-9 ಲೀನ್, ಇ10ಕ್ಕೆ ಹೋಲಿಸಿದರೆ ಸುಮಾರು 4 ಲೀನ್. ಮೊದಲು 14.7 ತೋರಿಸುತ್ತಿದ್ದ ಜಾಗದಲ್ಲಿ ಗೇಜು 16ರ ಹತ್ತಿರ ಹೋಗಬಹುದು. "ಇತ್ತೀಚೆಗೆ ಪಿಕಪ್ ಇಲ್ಲ ಸಾರ್, ಬೆಳಿಗ್ಗೆ ಚೋಕ್ ಜಾಸ್ತಿ ಹೊತ್ತು ಬೇಕು" ಅನ್ನೋ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಇಂಜೆಕ್ಷನ್ ಗಾಡಿ ತನ್ನಷ್ಟಕ್ಕೆ ಸರಿಹೊಂದಿಸಿಕೊಳ್ಳುತ್ತದೆ, ಒಂದು ಮಿತಿಯವರೆಗೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿದರೆ ಸಾಲದಾ? ನಮ್ಮ ಮೇಸ್ತ್ರಿ ಹಂಗೇ ಹೇಳ್ತಾರೆ.

ಕಾಫಿ ಬಣ್ಣ ಇದ್ದರೆ ಸರಿ, ಕಪ್ಪಗಿದ್ದರೆ ರಿಚ್, ಬೆಳ್ಳಗಿದ್ದರೆ ಲೀನ್. ಈ ಕಣ್ಣಳತೆ ಸುಳ್ಳಲ್ಲ. ಒಳ್ಳೇ ಮೇಸ್ತ್ರಿ ಇದರಲ್ಲೇ ಜೀವನ ಮಾಡಿದ್ದಾರೆ. ಆದರೆ ಪ್ಲಗ್ ತೋರಿಸುವುದು ಇಡೀ ಓಟದ ಸರಾಸರಿ. ಮನೆ ಮುಂದೆ ಐದು ನಿಮಿಷ ಐಡಲ್ ಬಿಟ್ಟರೆ ಸಾಕು, ಹೈವೇ ಕಥೆ ಅಳಿಸಿಹೋಗುತ್ತದೆ. ಅಲ್ಲದೆ ಈಗಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ಬಣ್ಣ ಮೊದಲಿನಷ್ಟು ಚೆನ್ನಾಗಿ ಹಿಡಿಯುವುದೂ ಇಲ್ಲ. ನಾನು ಎರಡನ್ನೂ ನೋಡುತ್ತೇನೆ. ಗೇಜ್ ಒಂದು ಹೇಳಿ ಪ್ಲಗ್ ಇನ್ನೊಂದು ಹೇಳಿದರೆ ಮೊದಲು ಅನುಮಾನ ಪಡುವುದು ಗೇಜನ್ನೇ.

ಸೆನ್ಸರನ್ನು ಎಲ್ಲಿ ಕೂರಿಸಬೇಕು?

ಬೆಂಡ್ ಪೈಪಿನಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲು. ಟರ್ಬೊ ಇದ್ದರೆ ಟರ್ಬೊ ದಾಟಿದ ಮೇಲೆ, ಏಕೆಂದರೆ ಅದಕ್ಕೂ ಮೊದಲು ಒತ್ತಡ ಜಾಸ್ತಿ, ಬಿಸಿ ಜಾಸ್ತಿ, ಎರಡೂ ಓದನ್ನು ಕೆಡಿಸುತ್ತವೆ.

ಪೈಪಿಗೆ ತೂತು ಕೊರೆದು 18 ಎಂಎಂ, 1.5 ಪಿಚ್ ಥ್ರೆಡ್ ಇರುವ ದಪ್ಪ ನಟ್ಟಿನಂಥದ್ದನ್ನು ವೆಲ್ಡ್ ಮಾಡಿಸಬೇಕು. ಅದಕ್ಕೆ ಬಂಗ್ ಅನ್ನುತ್ತಾರೆ. ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ವೆಲ್ಡ್ ಮಾಡುವಾಗ ಸೆನ್ಸರ್ ಅದರಲ್ಲಿ ಇರಬಾರದು. ಥ್ರೆಡ್ ಡೊಂಕಾಗದಿರಲಿ ಅಂತ ಒಂದು ಹಳೇ ಬೋಲ್ಟ್ ತಿರುಗಿಸಿಟ್ಟು ವೆಲ್ಡ್ ಮಾಡಿಸಿ.

ಸೆನ್ಸರಿನ ತುದಿ ಕೆಳಮುಖವಾಗಿ ಇರಲಿ, ವೈರ್ ಇರುವ ಕಡೆ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲೆತ್ತಿದ ಹಾಗೆ. ಗಡಿಯಾರದ ಲೆಕ್ಕದಲ್ಲಿ 10 ಮತ್ತು 2 ಗಂಟೆಯ ನಡುವೆ ಅಂದುಕೊಳ್ಳಿ. ಬೆಳಿಗ್ಗೆ ತಣ್ಣಗಿನ ಪೈಪಿನಲ್ಲಿ ನೀರು ಕೂತಿರುತ್ತದೆ. ಆ ಹನಿ 780 ಡಿಗ್ರಿಯ ಪಿಂಗಾಣಿಗೆ ತಾಗಿದರೆ ಕಾದ ಕಾವಲಿಗೆ ನೀರು ಚಿಮುಕಿಸಿದಂತೆ. ವ್ಯತ್ಯಾಸ ಇಷ್ಟೇ, ಕಾವಲಿ ಒಡೆಯಲ್ಲ, ಪಿಂಗಾಣಿ ಒಡೆಯುತ್ತದೆ.

ಸಿಂಗಲ್ ಸಿಲಿಂಡರ್ ಬೈಕಿಗೆ ಇನ್ನೊಂದು ಎಚ್ಚರ. ಐಡಲ್‌ನಲ್ಲಿ ಗ್ಯಾಸು ಒಂದೊಂದೇ ಗುಕ್ಕಾಗಿ ಬರುತ್ತದೆ. ಎರಡು ಗುಕ್ಕಿನ ನಡುವೆ ಸೈಲೆನ್ಸರ್ ತುದಿಯಿಂದ ಹೊರಗಿನ ಗಾಳಿ ವಾಪಸ್ ಎಳೆದುಕೊಳ್ಳುತ್ತದೆ. ಸಣ್ಣ, ಖಾಲಿ ಸೈಲೆನ್ಸರ್ ಆದರೆ ಆ ಗಾಳಿ ಸೆನ್ಸರ್ ತನಕ ಬಂದು ಸುಳ್ಳು ಲೀನ್ ತೋರಿಸುತ್ತದೆ. ಆದ್ದರಿಂದ ಇಂಜಿನ್ ಕಡೆಗೇ ಇರಲಿ. ಆದರೆ ಇಂಜಿನ್‌ನಿಂದ ಗ್ಯಾಸು ಹೊರಬೀಳುವ ಬಾಯಿಗೆ, ಅಂದರೆ ಎಕ್ಸಾಸ್ಟ್ ಪೋರ್ಟಿಗೆ, ತೀರಾ ಅಂಟಿಕೊಂಡೂ ಬೇಡ, ಬಿಸಿಗೆ ಸೆನ್ಸರ್ ಬೇಗ ಸಾಯುತ್ತದೆ. ನನ್ನ ಬೈಕಿನಲ್ಲಿ ಪೋರ್ಟಿನಿಂದ ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ ದೂರದಲ್ಲಿದೆ.

ಬಿಗಿ ಎಷ್ಟು? ವೈರಿಂಗ್ ಹೇಗೆ?

22 ಎಂಎಂ ಸ್ಪ್ಯಾನರ್, 40ರಿಂದ 60 ನ್ಯೂಟನ್ ಮೀಟರ್. ಹೊಸ ಸೆನ್ಸರಿನ ಥ್ರೆಡ್‌ಗೆ ಪೇಸ್ಟ್ ಹಚ್ಚಿಯೇ ಬಂದಿರುತ್ತದೆ. ಮೇಲೆ ಗ್ರೀಸ್ ಹಚ್ಚಬೇಡಿ.

ಹೀಟರ್‌ಗೆ ಕರೆಂಟ್ ಕೀ ಆನ್ ಮಾಡಿದಾಗ ಮಾತ್ರ ಬರುವ ಲೈನಿನಿಂದ, ಫ್ಯೂಸ್ ಹಾಕಿ, ಕೊಡಿ. ಶುರುವಿನಲ್ಲಿ ಎರಡು ಮೂರು ಆಂಪಿಯರ್ ಎಳೆಯುತ್ತದೆ, ಕಾದ ಮೇಲೆ ಇಳಿಯುತ್ತದೆ. ಹಳೇ ಬೈಕಿನ ಸಣ್ಣ ಬ್ಯಾಟರಿಗೆ ಇದು ಕಮ್ಮಿಯಲ್ಲ. ಕೀ ಆನ್ ಮಾಡಿ ಗೇಜ್ ನೋಡುತ್ತಾ ಕೂರಬೇಡಿ. ಬ್ಯಾಟರಿಗೂ ಕೆಟ್ಟದ್ದು, ನೀರಿನ ಹನಿ ಇರುವ ತಣ್ಣಗಿನ ಪೈಪಿನಲ್ಲಿ ಸೆನ್ಸರಿಗೂ ಕೆಟ್ಟದ್ದು. ಮೊದಲು ಇಂಜಿನ್ ಸ್ಟಾರ್ಟ್ ಆಗಲಿ.

ಗೇಜಿನ 0-5 ವೋಲ್ಟ್ ಔಟ್‌ಪುಟ್ಟನ್ನು ಲಾಗರ್ (ಓದುಗಳನ್ನು ದಾಖಲಿಸುವ ಡಬ್ಬಿ) ಅಥವಾ ಇಸಿಯುಗೆ ಕೊಡುವವರು ಅರ್ಥ್ ಬಗ್ಗೆ ಹುಷಾರು. 0 ವೋಲ್ಟ್ ಅಂದರೆ 10, 5 ವೋಲ್ಟ್ ಅಂದರೆ 20 ಅನ್ನೋ ಲೆಕ್ಕದ ಗೇಜಿನಲ್ಲಿ ಬರೀ 0.1 ವೋಲ್ಟ್ ಎಡವಟ್ಟಾದರೆ ಎಎಫ್‌ಆರ್ 0.2 ತಪ್ಪುತ್ತದೆ. ಎರಡಕ್ಕೂ ಅರ್ಥ್ ಒಂದೇ ಬೋಲ್ಟಿನಿಂದ ಕೊಡಿ. ಗೇಜ್ ಮುಖದ ಮೇಲಿನ ಸಂಖ್ಯೆ, ಲಾಗಿನ ಸಂಖ್ಯೆ ಎರಡೂ ಒಂದೇನಾ ಅಂತ ಮೊದಲ ದಿನವೇ ನೋಡಿ. ಪ್ರತಿ ಕಂಪನಿಯ ಲೆಕ್ಕ ಬೇರೆ ಬೇರೆ. ಪಕ್ಕದ ಮನೆಯವರ ಸೂತ್ರ ನಿಮ್ಮದಕ್ಕೆ ಹೊಂದಲ್ಲ.

ಫ್ರೀ ಏರ್ ಕ್ಯಾಲಿಬ್ರೇಷನ್ ಮಾಡಲೇಬೇಕಾ?

ಕೆಲವು ಕಂಟ್ರೋಲರ್‌ಗಳಿಗೆ ಬೇಕು. ಸೆನ್ಸರನ್ನು ಪೈಪಿನಿಂದ ಬಿಚ್ಚಿ, ಬರೀ ಗಾಳಿಯಲ್ಲಿ ಹಿಡಿದು, "ಇದೇ 20.9 ಪರ್ಸೆಂಟ್ ಆಕ್ಸಿಜನ್" ಅಂತ ಅದಕ್ಕೆ ಕಲಿಸುವುದು. ಹಳೇ ಎಲ್‌ಎಸ್‌ಯು 4.2 ಸೆನ್ಸರ್ ಬಳಸುವ ಹಲವಕ್ಕೆ ಇದು ಅಗತ್ಯ. 4.9ರಲ್ಲಿ ಕಾರ್ಖಾನೆಯಲ್ಲೇ ಅಳೆದು ಕನೆಕ್ಟರಿನೊಳಗೆ ಒಂದು ರೆಸಿಸ್ಟರ್ ಕೂರಿಸಿರುತ್ತಾರೆ. ಬಹಳಷ್ಟು ಗೇಜ್‌ಗಳು ಅದನ್ನೇ ಓದಿಕೊಳ್ಳುತ್ತವೆ. ಆದ್ದರಿಂದ ವೈರ್ ಉದ್ದ ಸಾಲದು ಅಂತ ಆ ಕನೆಕ್ಟರ್ ಕತ್ತರಿಸಿ ಬಿಸಾಡಬೇಡಿ. ಅಳತೆಯ ಅರ್ಧ ಜಾಣತನ ಅದರೊಳಗೇ ಇದೆ.

ಮಾಡುವುದಾದರೆ ಗ್ಯಾರೇಜಿನ ಹೊಗೆಯಲ್ಲಿ ಬೇಡ. ಟೆರೇಸಿಗೆ ಹೋಗಿ.

ಯಾವ ಸಂಖ್ಯೆ ಬಂದರೆ ಸರಿ?

ಎಲ್ಲ ಇಂಜಿನ್‌ಗೂ ಒಂದೇ ಉತ್ತರ ಇಲ್ಲ. ಪೆಟ್ರೋಲ್ ಗೇಜಿನ ಲೆಕ್ಕದಲ್ಲಿ ನಾನು ಶುರು ಮಾಡುವ ಜಾಗ ಹೇಳುತ್ತೇನೆ. ಗಾಳಿಯಿಂದ ತಣ್ಣಗಾಗುವ ಕಾರ್ಬುರೇಟರ್ ಬೈಕಿಗೆ ಐಡಲ್‌ನಲ್ಲಿ 13ರಿಂದ 13.8. ಹದವಾಗಿ ಓಡುವಾಗ 13.5ರಿಂದ 14.5. ಫುಲ್ ಥ್ರಾಟಲ್‌ನಲ್ಲಿ 12.5ರಿಂದ 13. ಟರ್ಬೊ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ ಇನ್ನೂ ಕೆಳಗೆ, 11.5ರಿಂದ 12ರ ಆಸುಪಾಸು. ಇಂಜೆಕ್ಷನ್ ಕಾರು ಸಾಧಾರಣ ಓಟದಲ್ಲಿ 14.7ರ ಸುತ್ತ ತೂಗಾಡುತ್ತಾ ಇರುತ್ತದೆ. ಅದು ಕ್ಯಾಟ್‌ಗಾಗಿ.

ಮೈಲೇಜ್ ಆಸೆಗೆ 15.5, 16 ಅಂತ ಹೋಗುವವರು ಇದ್ದಾರೆ. ಹದವಾದ ಓಟದಲ್ಲಿ ಲ್ಯಾಮ್ಡಾ 1.05ರ ಹತ್ತಿರ ಮೈಲೇಜ್ ಚೆನ್ನಾಗಿ ಬರುತ್ತದೆ ಅನ್ನೋದು ನಿಜವೇ. ಆದರೆ ಏರು ಹತ್ತುವಾಗ, ಡಬಲ್ಸ್ ಹೋಗುವಾಗ ಅದೇ ಲೀನ್ ಉಳಿದರೆ ಇಂಜಿನ್ ಬಡಿಯುತ್ತದೆ, ಪಿಸ್ಟನ್ ಕಾಯುತ್ತದೆ. ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಸಿಗಲಿ ಅಂತ ಪಿಸ್ಟನ್ ಮೇಲೆ ತೂತು ಮಾಡಿಕೊಂಡವರನ್ನು ನೋಡಿದ್ದೇನೆ.

ಗೇಜ್ ಲೀನ್ ತೋರಿಸ್ತಿದೆ. ಜೆಟ್ ದೊಡ್ಡದು ಮಾಡಲಾ?

ತಡೀರಿ. ಈಗ ಆ ಎರಡು ಭಾನುವಾರದ ಕಥೆ.

ಬಂಗ್ ವೆಲ್ಡ್ ಮಾಡಿಸಿ, ಗೇಜ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡಲ್‌ನಲ್ಲಿ 16.5 ತೋರಿಸಿತು. ಅಯ್ಯೋ ಇಷ್ಟು ವರ್ಷ ಲೀನ್ ಓಡಿಸಿದೆನಾ ಅಂತ ಎದೆ ಧಸಕ್ ಅಂತು. ಐಡಲ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ. 16ಕ್ಕೆ ಬಂತು. ಇನ್ನೊಂದು ಸೈಜ್. 15.6. ಬೈಕು ಮಾತ್ರ ಕೆಮ್ಮುತ್ತಿತ್ತು, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ. ಮುಂದಿನ ಭಾನುವಾರ ಪ್ಲಗ್ ಬಿಚ್ಚಿದರೆ ಇದ್ದಿಲ ಹಾಗೆ ಕಪ್ಪಗೆ. ಗೇಜ್ ಲೀನ್ ಅನ್ನುತ್ತಿದೆ, ಪ್ಲಗ್ ರಿಚ್ ಅನ್ನುತ್ತಿದೆ.

ಮನೆಯಲ್ಲಿ ದೇವರಿಗೆ ಹಚ್ಚಿದ್ದ ಊದುಬತ್ತಿಯಲ್ಲಿ ಒಂದನ್ನು ತಂದು, ಇಂಜಿನ್ ಓಡುತ್ತಿರುವಾಗ ಬೆಂಡ್ ಪೈಪಿನ ಪ್ರತಿ ಜೋಡಣೆಯ ಹತ್ತಿರ ಹಿಡಿದೆ. ಪೆಟ್ರೋಲ್ ಟ್ಯಾಂಕ್, ಕಾರ್ಬುರೇಟರಿನ ಹತ್ತಿರ ಅಲ್ಲ, ದಯವಿಟ್ಟು. ಎಕ್ಸಾಸ್ಟ್ ಪೋರ್ಟಿನ ಹತ್ತಿರ ಹೊಗೆ ನೇರವಾಗಿ ಮೇಲೇಳುವ ಬದಲು ಪುಸ್ ಪುಸ್ ಅಂತ ಆ ಕಡೆ ಈ ಕಡೆ ಕುಣಿಯಿತು. ವೆಲ್ಡಿಂಗ್‌ಗೆ ಅಂತ ಪೈಪ್ ಬಿಚ್ಚಿದ್ದ ಅಂಗಡಿಯವರು ಹಳೇ ಪ್ಯಾಕಿಂಗನ್ನೇ ವಾಪಸ್ ಹಾಕಿದ್ದರು. ಅಲ್ಲಿಂದ ಗ್ಯಾಸು ಹೊರಗೆ ಹೋಗುತ್ತಿತ್ತು. ಜೊತೆಗೆ ಎರಡು ಗುಕ್ಕಿನ ನಡುವೆ ಹೊರಗಿನ ಗಾಳಿ ಒಳಗೂ ಬರುತ್ತಿತ್ತು. ಸೆನ್ಸರ್ ಆ ಗಾಳಿಯ ಆಕ್ಸಿಜನ್ ನೋಡಿ ಲೀನ್ ಅಂದಿತು. ಅದರ ತಪ್ಪಿಲ್ಲ. ಅದು ಕಂಡದ್ದನ್ನೇ ಹೇಳಿತು.

ಹೊಸ ಪ್ಯಾಕಿಂಗ್ ಹಾಕಿದೆ. ಆ ದೊಡ್ಡ ಜೆಟ್‌ನಲ್ಲಿ 11.4! ಹಳೇ ಜೆಟ್ ವಾಪಸ್ ಹಾಕಿದ ಮೇಲೆ 13.4. ಅಂದರೆ ಶುರುವಿನಿಂದಲೂ ಬೈಕು ಸರಿಯಾಗಿಯೇ ಇತ್ತು.

ಮಿಸ್ಸಿಂಗ್ ಇದ್ದಾಗಲೂ ಹೀಗೆಯೇ. ಪ್ಲಗ್ ಕಿಡಿ ಕೊಡದೆ ಒಂದು ಹೊಡೆತ ತಪ್ಪಿದರೆ ಪೆಟ್ರೋಲೂ ಗಾಳಿಯೂ ಸುಡದೆ ಹಾಗೇ ಹೊರಗೆ ಬರುತ್ತವೆ. ಸೆನ್ಸರಿಗೆ ಆ ಆಕ್ಸಿಜನ್ ಕಾಣುತ್ತದೆ, ಮತ್ತೆ "ಲೀನ್". ಅತಿ ರಿಚ್ ಆಗಿ ಮಿಸ್ಸಿಂಗ್ ಆಗುತ್ತಿದ್ದರೂ ಗೇಜ್ ಲೀನ್ ತೋರಿಸಬಹುದು. ಕಿವಿ, ಮೂಗು ಎರಡನ್ನೂ ಬಳಸಿ.

ಥ್ರಾಟಲ್ ಬಿಟ್ಟ ತಕ್ಷಣ 20 ತೋರಿಸುತ್ತದೆ. ಹಾಳಾಯ್ತಾ?

ಇಲ್ಲ. ಇಂಜೆಕ್ಷನ್ ಗಾಡಿ ಇಳಿಜಾರಿನಲ್ಲಿ ಗೇರಿನಲ್ಲಿದ್ದು ಥ್ರಾಟಲ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ಪೈಪಿನಲ್ಲಿ ಬರೀ ಗಾಳಿ. ಅದು ಸರಿಯಾದ ಓದೇ.

ಕಾರ್ಬುರೇಟರನ್ನು ಗೇಜ್ ನೋಡಿಕೊಂಡು ಟ್ಯೂನ್ ಮಾಡೋದು ಹೇಗೆ?

ಥ್ರಾಟಲ್ ಗ್ರಿಪ್ ಮೇಲೆ ಬಿಳಿ ಟೇಪ್ ಸುತ್ತಿ. ಮಾರ್ಕರ್‌ನಲ್ಲಿ ಕಾಲು, ಅರ್ಧ, ಮುಕ್ಕಾಲು ಗೆರೆ ಎಳೆಯಿರಿ. ಖಾಲಿ ರಸ್ತೆಯಲ್ಲಿ ಒಂದೇ ಗೆರೆಯಲ್ಲಿ ಹಿಡಿದು ಕೆಲವು ಸೆಕೆಂಡ್ ಓಡಿಸಿ. ಗೇಜ್ ನೋಡುತ್ತಾ ರಸ್ತೆ ಮರೆಯಬೇಡಿ. ಹಿಂದೆ ಒಬ್ಬರನ್ನು ಕೂರಿಸಿ ಅವರಿಗೆ ಓದಲು ಹೇಳಿ, ಅಥವಾ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ನನ್ನ ತಮ್ಮ ಹಿಂದೆ ಕೂತು ಕ್ರಿಕೆಟ್ ಕಾಮೆಂಟರಿ ಥರ ಕೂಗುತ್ತಾನೆ. ಅದೂ ನಡೆಯುತ್ತದೆ.

ಶುರುವಿನ ಎಂಟನೇ ಒಂದು ಭಾಗ ಪೈಲಟ್ ಜೆಟ್ ಮತ್ತು ಸ್ಕ್ರೂನದ್ದು. ಅಲ್ಲಿಂದ ಕಾಲು ಭಾಗದವರೆಗೆ, ಥ್ರಾಟಲ್ ತಿರುಗಿಸಿದಾಗ ಮೇಲೇರುವ ಸ್ಲೈಡಿನ ಕತ್ತರಿಕೆ. ಕಾಲಿನಿಂದ ಮುಕ್ಕಾಲು, ಆ ಸ್ಲೈಡಿಗೆ ತೂಗಿದ ಸೂಜಿ. ಅದರಾಚೆ ಮೇನ್ ಜೆಟ್. ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಸೂಜಿ ಮೇಲೇರುತ್ತದೆ, ರಿಚ್ ಆಗುತ್ತದೆ. ಪೈಲಟ್ ಸ್ಕ್ರೂ ಇಂಜಿನ್ ಕಡೆ ಇದ್ದರೆ ಬಿಚ್ಚಿದಷ್ಟೂ ರಿಚ್. ಏರ್ ಫಿಲ್ಟರ್ ಕಡೆ ಇದ್ದರೆ ಬಿಚ್ಚಿದಷ್ಟೂ ಲೀನ್. ಇದನ್ನು ಉಲ್ಟಾ ತಿಳಿದುಕೊಂಡು ಜಗಳ ಆಡಿದವರು ಎಷ್ಟು ಜನವೋ.

ಮೊದಲು ಮೇನ್ ಜೆಟ್ ಸರಿಮಾಡಿ, ಆಮೇಲೆ ಸೂಜಿ, ಕೊನೆಗೆ ಪೈಲಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಎಣ್ಣೆ ಕೈಯಲ್ಲಿ ಬರೆದರೂ ಪರವಾಗಿಲ್ಲ. ಗ್ಯಾಸು ಸೆನ್ಸರ್ ತಲುಪಿ ಗೇಜ್ ತೋರಿಸಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಧಿಡೀರ್ ರೇಸ್ ಕೊಟ್ಟಾಗಿನ ಸಂಖ್ಯೆ ನಂಬಬೇಡಿ, ನಿಂತ ಸಂಖ್ಯೆ ನಂಬಿ.

ಮಂಗಳೂರಲ್ಲಿ ಸರಿ ಇತ್ತು, ಬೆಂಗಳೂರಿಗೆ ಬಂದ ಮೇಲೆ ರಿಚ್ ತೋರಿಸ್ತಿದೆ?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಕಾರ್ಬುರೇಟರ್‌ಗೆ ಅದು ಗೊತ್ತಾಗಲ್ಲ, ಪೆಟ್ರೋಲ್ ಹೆಚ್ಚು ಕಡಿಮೆ ಹಳೇ ಲೆಕ್ಕದಲ್ಲೇ ಬಿಡುತ್ತದೆ. ಸುಮಾರು ನೂರಕ್ಕೆ 4-5 ರಿಚ್ ಆಗುವುದು ಸಹಜ. 13.5 ಇದ್ದದ್ದು 12.9 ಆಗಬಹುದು. ಮುಳ್ಳಯ್ಯನಗಿರಿ ಹತ್ತಿದರೆ 1,900 ಮೀಟರ್ ದಾಟುತ್ತೀರಿ, ಅಲ್ಲಿ ಇನ್ನೂ ಜಾಸ್ತಿ. ಘಟ್ಟದ ಮೇಲೆ ನಿಂತು ಜೆಟ್ ಚಿಕ್ಕದು ಮಾಡಿ ಕರಾವಳಿಗೆ ಇಳಿದರೆ ಲೀನ್ ಆಗುತ್ತದೆ, ಅದು ಅಪಾಯ. ದಿನಾ ಓಡಾಡುವ ಊರಿಗೆ ಟ್ಯೂನ್ ಮಾಡಿ ಬಿಟ್ಟುಬಿಡಿ.

ಆರ್‌ಎಕ್ಸ್ 100, ಯೆಜ್ಡಿಯಂಥ ಟೂ ಸ್ಟ್ರೋಕ್‌ಗೆ ಹಾಕಬಹುದಾ?

ಮೈಸೂರಿನ ಯೆಜ್ಡಿ ಇಟ್ಟುಕೊಂಡವರು ಇದನ್ನು ಕೇಳದೆ ಬಿಡಲ್ಲ. ಹಾಕಬಹುದು, ಆದರೆ ಸಂಖ್ಯೆಯನ್ನು ಅಕ್ಷರಶಃ ನಂಬಬಾರದು. ಟೂ ಸ್ಟ್ರೋಕ್‌ನಲ್ಲಿ ಹೊಸ ಗಾಳಿ-ಪೆಟ್ರೋಲ್ ಮಿಶ್ರಣದ ಒಂದಿಷ್ಟು ಭಾಗ ಸುಡದೇ ನೇರ ಸೈಲೆನ್ಸರಿಗೆ ಹೋಗುತ್ತದೆ. ಅದರ ಆಕ್ಸಿಜನ್ ಕಂಡು ಗೇಜ್ ನಿಜಕ್ಕಿಂತ ಲೀನ್ ಅನ್ನುತ್ತದೆ. ಜೊತೆಗೆ ಆಯಿಲ್ ಹೊಗೆ ಸೆನ್ಸರನ್ನು ಮುಚ್ಚುತ್ತಾ ಹೋಗುತ್ತದೆ. ನಿನ್ನೆಗೂ ಇವತ್ತಿಗೂ ಹೋಲಿಸಲು ಪರವಾಗಿಲ್ಲ. ಟೂ ಸ್ಟ್ರೋಕ್‌ನಲ್ಲಿ ನಾನು ಇನ್ನೂ ಪ್ಲಗ್ಗನ್ನೇ ನಂಬುತ್ತೇನೆ.

ಎಲ್‌ಪಿಜಿ ಆಟೊ, ಸಿಎನ್‌ಜಿ ಕಾರು, ಡೀಸೆಲ್?

ಎಲ್‌ಪಿಜಿಗೆ ಪೂರ್ತಿ ಉರಿಯಲು ಸುಮಾರು 15.5 ಗ್ರಾಂ ಗಾಳಿ, ಸಿಎನ್‌ಜಿಗೆ ಸುಮಾರು 17. ಆದರೂ ಲ್ಯಾಮ್ಡಾ 1 ಲ್ಯಾಮ್ಡಾ 1ನೇ, ಇ20 ಬಗ್ಗೆ ಹೇಳಿದ್ದೇ ಇಲ್ಲೂ. ಡೀಸೆಲ್ ಇಂಜಿನ್ ಯಾವಾಗಲೂ ಗಾಳಿ ಮಿಗಿಸಿಕೊಂಡೇ ಓಡುತ್ತದೆ. ಪೆಟ್ರೋಲ್ ಗುರಿಗಳನ್ನು ಅದಕ್ಕೆ ಹಚ್ಚಬೇಡಿ.

ನನ್ನ ಕಾರಿನಲ್ಲಿ ಕಂಪನಿಯದೇ ವೈಡ್‌ಬ್ಯಾಂಡ್ ಇದೆಯಾ ಅಂತ ತಿಳಿಯೋದು ಹೇಗೆ?

ಹೊಸ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕಾರಿನ ಇಸಿಯು ಓದುವ ಅಗ್ಗದ ಒಬಿಡಿ ಬ್ಲೂಟೂತ್ ಡಾಂಗಲ್ ಚುಚ್ಚಿ ಫೋನಿನ ಆ್ಯಪ್‌ನಲ್ಲಿ ನೋಡಿ. ಮೊದಲ ಆಕ್ಸಿಜನ್ ಸೆನ್ಸರ್ 0.1 ಮತ್ತು 0.9 ವೋಲ್ಟ್ ನಡುವೆ ಜಿಗಿಯುತ್ತಿದ್ದರೆ ನ್ಯಾರೋಬ್ಯಾಂಡ್. ಲ್ಯಾಮ್ಡಾ ಅಥವಾ ಈಕ್ವಿವಲೆನ್ಸ್ ರೇಷಿಯೊ ಅಂತ ಸಂಖ್ಯೆ ಕೊಟ್ಟರೆ ವೈಡ್‌ಬ್ಯಾಂಡ್. ಇದ್ದರೆ ಹೊಸ ಗೇಜ್ ಕೊಳ್ಳುವ ಮುಂಚೆ ಅದನ್ನೇ ನೋಡಿ, ದುಡ್ಡು ಉಳಿಯಿತು. ಇದೇನು ಹೊಸ ವಿದ್ಯೆಯೂ ಅಲ್ಲ. 1992ರ ಹೋಂಡಾ ಸಿವಿಕ್ ವಿಎಕ್ಸ್‌ನಲ್ಲೇ ಲೀನ್ ಓಟಕ್ಕಾಗಿ ಐದು ವೈರಿನ ಸೆನ್ಸರ್ ಇತ್ತು.

ಸೆನ್ಸರ್ ಎಷ್ಟು ದಿನ ಬರುತ್ತದೆ? ಏನು ಮಾಡಿದರೆ ಹಾಳಾಗುತ್ತದೆ?

ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ. ಸೀಸ ಇದರ ಮೊದಲ ಶತ್ರು. ನಮ್ಮಲ್ಲಿ 2000ದಿಂದಲೇ ಬಂಕಿನಲ್ಲಿ ಸೀಸದ ಪೆಟ್ರೋಲ್ ಇಲ್ಲ. ಆದರೆ ರೇಸ್ ಫ್ಯೂಯಲ್ ಬಳಸುವವರು ನೋಡಿಕೊಳ್ಳಿ. ಎರಡನೆಯದು ಸಿಲಿಕೋನ್. ಇಂಜಿನ್ ಕವರ್‌ಗೆ ಮೆತ್ತುವ ಪೇಸ್ಟ್ "ಸೆನ್ಸರ್ ಸೇಫ್" ಅಂತ ಬರೆದದ್ದೇ ಇರಲಿ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಉರಿದರೂ, ರಿಂಗ್ ಹೋಗಿ ಆಯಿಲ್ ಉರಿದರೂ ಸೆನ್ಸರ್ ಸಾಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸೆನ್ಸರ್ ಕೊಲ್ಲುವುದು ಸೋಮಾರಿತನ. ಗೇಜ್ ಕೆಟ್ಟಿತು, ಅಥವಾ ಬೇಡ ಅಂತ ಕರೆಂಟ್ ತೆಗೆದರು, ಸೆನ್ಸರ್ ಮಾತ್ರ ಪೈಪಿನಲ್ಲೇ ಬಿಟ್ಟರು. ಹೀಟರ್ ಇಲ್ಲದ ತಣ್ಣಗಿನ ಪಿಂಗಾಣಿ ಮೇಲೆ ಮಸಿ ಕೂತು ಆ ಸಣ್ಣ ಸಂದಿ ಮುಚ್ಚಿಹೋಗುತ್ತದೆ. ಇಂಜಿನ್ ಓಡುವಾಗ ಸೆನ್ಸರ್ ಪೈಪಿನಲ್ಲಿದ್ದರೆ ಅದಕ್ಕೆ ಕರೆಂಟ್ ಇರಲೇಬೇಕು.

ಅನುಮಾನ ಬಂದರೆ ಬಿಚ್ಚಿ ಗಾಳಿಯಲ್ಲಿ ಹಿಡಿದು ಕೀ ಆನ್ ಮಾಡಿ. ಕಾದ ಮೇಲೆ ಗೇಜ್ ಲೀನ್ ತುದಿಗೆ ಹೋಗಿ ನಿಲ್ಲಬೇಕು. ತುದಿ ಮುಟ್ಟಬೇಡಿ, ಬೆರಳು ಸುಡುತ್ತದೆ. ಸೆಕೆಂಡ್ ಹ್ಯಾಂಡ್ ಸೆನ್ಸರ್ ಕೊಳ್ಳಬೇಡಿ. ಬಾಷ್ ಡಬ್ಬಿಯಲ್ಲಿ ನಕಲಿಯೂ ಬರುತ್ತದೆ, ರೇಟ್ ತೀರಾ ಕಮ್ಮಿ ಇದ್ದರೆ ಅಲ್ಲೇ ಬಿಟ್ಟುಬಿಡಿ.

ಟ್ಯೂನಿಂಗ್ ಮುಗಿದ ಮೇಲೆ ತೆಗೆದಿಡಬಹುದಾ?

ಧಾರಾಳವಾಗಿ. ನಾನೂ ಈಗ ಹಾಗೇ ಮಾಡುತ್ತೇನೆ. ಸೆನ್ಸರ್ ತೆಗೆದು, ಬಂಗ್‌ಗೆ ಅದೇ 18 ಎಂಎಂ ಥ್ರೆಡ್ಡಿನ ಬೋಲ್ಟ್, ಕೆಳಗೆ ಒಂದು ತಾಮ್ರದ ವಾಷರ್. ಗೇಜನ್ನು ಸ್ನೇಹಿತರ ಬೈಕಿಗೂ ಕಟ್ಟಿ ನೋಡಬಹುದು, ಅವರೂ ಒಂದು ಬಂಗ್ ಹಾಕಿಸಿಕೊಂಡರೆ ಸಾಕು. ಆ ತಾಮ್ರದ ವಾಷರ್ ಮಾತ್ರ ಪ್ರತಿ ಸಲ ಹೊಸದು ಹಾಕಿ. ನಾನು ಒಂದು ಸಲ ಹಳೆಯದನ್ನೇ ಹಾಕಿದ್ದೆ. ಮತ್ತೆ ಊದುಬತ್ತಿ ಹುಡುಕಬೇಕಾಯ್ತು.